ಫೋಟೊದಲ್ಲಿ ಅಳಿಸಿಹೋದ ನನ್ನ ತುಟಿಯ ಗೆರೆ

ಸ್ನೇಹಿತರೇ, ಇವತ್ತು ಹಾಸನದ ಫೋಟೊ ಸ್ಟುಡಿಯೊದಲ್ಲಿ ನನಗೇ ಕಾಸ್ಮೆಟಿಕ್ ಸರ್ಜರಿ ಆಗಿಹೋಯಿತು. ನಾನು ಪ್ಲಾಸ್ಟಿಕ್ ಸರ್ಜನ್ ಎಂದು ನಿಮಗೆ ಗೊತ್ತು. ಈಗ ಕಾಸ್ಮೆಟಿಕ್ ಸರ್ಜರಿಯಲ್ಲಿ ವಿಶೇಷ ತರಬೇತಿಗೆಂದು ಫೆಲೋಶಿಪ್‌ಗೆ ಅರ್ಜಿ ಹಾಕುತ್ತಿದ್ದೇನೆ. ಅದಕ್ಕೊಂದು ಹೊಸ ಫೋಟೊ ಬೇಕಿತ್ತು.

ಸ್ಟುಡಿಯೊದ ಮಂಜಣ್ಣ ಕಂಪ್ಯೂಟರಿನಲ್ಲಿ ತೋರಿಸಿದ ಮುಖದಲ್ಲಿ ಮೇಲ್ದುಟಿಯ ಗೆರೆಯೇ ಇರಲಿಲ್ಲ. ನಾನು ಸೀಳುತುಟಿಯೊಂದಿಗೆ ಹುಟ್ಟಿದವಳು. ಕೈಗೂಸಾಗಿದ್ದಾಗ ಹೊಲಿಗೆ ಹಾಕಿದ ಗುರುತು ಅದು.

"ಇಲ್ಲೊಂದು ಗೆರೆ ಇತ್ತಲ್ಲ?" ಎಂದೆ.

"ತಗ್ದ್‌ಬುಟ್ಟೆ ಮೇಡಂ. ಎಲ್ರೂ ತೆಗೀರಿ ಅಂತಾರಲ್ಲ."

ನನಗೆ ಕುತೂಹಲವಾಯಿತು. "ತೆಗೀಬೇಡಿ ಅಂದೋರು ಒಬ್ರೂ ಇಲ್ವಾ?"

ಮಂಜಣ್ಣ ಮೌಸ್ ಬಿಟ್ಟು ಯೋಚಿಸಿದರು. "ಒಬ್ರು ಅವ್ರೆ. ಅರಕಲಗೂಡಿನೋರು. ತೀರ್ಕಂಡ ಎಂಡ್ತಿ ಫೋಟೊ ದೊಡ್ದು ಮಾಡ್ಸಕ್ಕೆ ಬಂದಿದ್ರು. ಆಯಮ್ಮನ ಕೆನ್ನೆ ಮ್ಯಾಲಿನ ಸುಟ್ಟ ಕಲೆ ತಗ್ದ್ ಕೊಟ್ಟೆ. 'ಇದ್ಯಾರಪ್ಪ, ನಮ್ಮನೆಯವಳಲ್ಲ ಕಣ' ಅಂದ್ಬುಟ್ರು. ತಿರ್ಗ ಕಲೆ ಆಕ್ಕೊಟ್ಟೆ."

"ನನ್ನದನ್ನೂ ಮೊದಲಿದ್ದ ಹಾಗೇ ಮಾಡಿಬಿಡಿ" ಎಂದೆ.

ಅವರು ಗೆರೆಯನ್ನು ಮತ್ತೆ ತಂದು, ಪರದೆ ದೊಡ್ಡದು ಮಾಡಿ, ಬಗ್ಗಿ ನೋಡಿದರು. "ಯಾರ್ ಮೇಡಂ ಒಲ್ದಿದ್ದು? ಕೆಲ್ಸ ಭಾಳ ನೀಟಾಗದೆ."

ಯಾರು ಹೊಲಿದರೋ ನನಗೂ ಗೊತ್ತಿಲ್ಲ, ಅಮ್ಮನಿಗೂ ಹೆಸರು ನೆನಪಿಲ್ಲ. ಅರ್ಜಿಯನ್ನಂತೂ ಸಂಜೆ ಕಳಿಸಿದೆ. ನಾನು ಆಯ್ಕೆಯಾಗುತ್ತೇನೋ ಇಲ್ಲವೋ, ನನ್ನ ತುಟಿ ಹೊಲಿದ ಆ ವೈದ್ಯರು ಮಾತ್ರ ಇವತ್ತು ಹಾಸನದಲ್ಲಿ ಪಾಸಾದರು.