ಭತ್ತದ ಮಷೀನ್ ಏರಿ ಕಂಡ ಬಿಳಿ ಡೇಗಿ

ಅಮಾವಾಸ್ಯೆಯ ದಿನ ಹೊಸಪೇಟೆಯಲ್ಲಿ ನಮ್ಮ ಗ್ಯಾರೇಜಿಗೆ ರಜೆ. ಲಾರಿಗಳ ಕುಲುಕಾಟ ತಡೆಯುವ ಕಮಾನ್ ಪಟ್ಟಿ ಮುರಿದರೆ ಅದನ್ನು ಬಿಚ್ಚಿ, ಬಡಿದು, ಮತ್ತೆ ಕೂರಿಸುವುದು ನನ್ನ ಕಸುಬು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು ನಾನು. ಅದರಿಂದಲೇ ಮನೆ ಕಟ್ಟಿದೆ, ಅದರಿಂದಲೇ ಉದ್ದ ಲೆನ್ಸಿನ ಕ್ಯಾಮೆರಾ ಕೊಂಡೆ. ಸೆಕೆಂಡ್ ಹ್ಯಾಂಡ್ ಇರಬಹುದು, ಆದರೆ ಅದರ ಮೇಲೆ ಇನ್ನೊಬ್ಬರ ಹಂಗಿಲ್ಲ. ಆ ನಸುಕಿನಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಬೈಕ್ ಹೊರಗೆ ತೆಗೆದೆ. ಹಿಂದೆ ಖಾಜಾ ಕುಳಿತ. ನನ್ನ ಎದುರು ನಿಂತು ಅದೇ ಕಬ್ಬಿಣಕ್ಕೆ ಸುತ್ತಿಗೆ ಹೊಡೆಯುವವನು ಅವನು.

ಹೊರಟಿದ್ದು ಒಂದೇ ಹಕ್ಕಿಗಾಗಿ. ಚಳಿ ಬೀಳುವ ಹೊತ್ತಿಗೆ ಹಿಮಾಲಯದ ಆಚೆಯಿಂದ ನಮ್ಮ ಬಯಲಿಗೆ ಬರುವ ಬೇಟೆಹಕ್ಕಿ ಅದು. ಪುಸ್ತಕದಲ್ಲಿ ಸೆಳೆವ ಎಂದಿದೆ. ನಮ್ಮ ಕಡೆ ಬೇಟೆಯಾಡುವ ಹಕ್ಕಿಗೆಲ್ಲ ಡೇಗಿ ಎಂದೇ ಹೆಸರು. ಹೆಣ್ಣು ಕಂದು. ಗಂಡು ಬೂದಿ ಬೆರೆತ ಬಿಳುಪು, ರೆಕ್ಕೆಯ ತುದಿ ಮಾತ್ರ ಮಸಿ ಮೆತ್ತಿದಂತೆ ಕಪ್ಪು. ಹೋದ ಚಳಿಗಾಲ ಬಸ್ಸಿನ ಕಿಟಕಿಯಿಂದ ಗಂಡನ್ನು ಕಂಡೆ ಎಂದಾಗ ಗ್ಯಾರೇಜಿನಲ್ಲಿ ಒಬ್ಬನೂ ನಂಬಲಿಲ್ಲ. ಖಾಜಾ ಅಂತೂ ಅದು ಪಾರಿವಾಳ ಎಂದು ತೀರ್ಪು ಕೊಟ್ಟುಬಿಟ್ಟಿದ್ದ. ಮುಂದಿನ ಅಮಾವಾಸ್ಯೆಗೆ ಕಂಪ್ಲಿಯ ಭತ್ತವೆಲ್ಲ ಕೊಯ್ದು ಮುಗಿದಿರುತ್ತದೆ, ಬೇಟೆ ಹುಡುಕಿ ಹಕ್ಕಿಗಳೂ ಚದುರುತ್ತವೆ. ಆದ್ದರಿಂದ ಫೋಟೊ ಈ ದಿನವೇ ಆಗಬೇಕಿತ್ತು.

"ಇವತ್ತು ಸಿಗ್ಲಿಲ್ಲಂದ್ರ ಮತ್ತ ಡೇಗಿ ಸುದ್ದಿ ಎತ್ತಬಾರ್ದು ನೋಡಲೇ ಹನುಮ," ಎಂದ ಖಾಜಾ.

ಒಪ್ಪಿಕೊಂಡೆ.

ಮೊದಲು ಸಂಡೂರು. ಅದು ಅದಿರಿನ ಲಾರಿಗಳ ದಾರಿ. ಮಂಜಿನಲ್ಲಿ ಡ್ರೈವರುಗಳಿಗೆ ಬೈಕ್ ಕಾಣಲೆಂದು, ಗಣಿಯವರು ತೊಡುವಂಥ ಮಿಂಚುವ ಹಳದಿ ಜಾಕೆಟ್ ಇಬ್ಬರೂ ತೊಟ್ಟಿದ್ದೆವು. ಆ ದಾರಿಯಲ್ಲಿ ದುಡಿದು ತಿನ್ನುವವರು ಅದಿಲ್ಲದೆ ಹೊರಡುವುದಿಲ್ಲ. ಗುಡ್ಡದ ನೆತ್ತಿಯ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಕಲ್ಲಿನ ಪಕ್ಕ ಕುಳಿತು ಸ್ವಲ್ಪ ಹೊತ್ತಾಗಿರಬೇಕು, ಕಣಿವೆಯಿಂದ ಕಂದು ಹೆಣ್ಣೊಂದು ಹುಲ್ಲಿನ ತುದಿ ಸವರುತ್ತ ನೇರ ನಮ್ಮ ಕಡೆಗೇ ಬಂತು. ಕ್ಯಾಮೆರಾ ಎತ್ತಿ ಹಿಡಿದೆ. ಆದರೆ ಅದು ಒಂದು ಹೊಲದಷ್ಟು ದೂರದಲ್ಲೇ ಗಕ್ಕನೆ ಹೊರಳಿ ಗುಡ್ಡದ ಮರೆಗೆ ಹೋಯಿತು. ಆಮೇಲೆ ಬಂದ ಇನ್ನೊಂದೂ ಹಾಗೆಯೇ ಮಾಡಿತು. ಕೆಳಗಿಳಿದು ಬಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಹಕ್ಕಿಗೆ ನನ್ನ ಮುಖ ಹಿಡಿಸಲಿಲ್ಲವಂತೆ. ಖಾಜಾ ಅದನ್ನು ಹೋಟೆಲಿನವನಿಗೂ ಹೇಳಿ ನಗಿಸಿದ.

ಹೊಸಪೇಟೆ ಹಾದು ಹಂಪಿ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಬಂಡೆಗಳ ಮೇಲೆ ಚಾಣ ಎಂಬ ಸಣ್ಣ ಬೇಟೆಹಕ್ಕಿಯೊಂದು ಗಾಳಿಗೆ ಎದುರಾಗಿ, ಆಕಾಶಕ್ಕೆ ಮೊಳೆ ಹೊಡೆದಂತೆ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಿತ್ತು. ಅದೂ ಚಳಿಗಾಲದ ಅತಿಥಿಯೇ. ನಾವು ಬಂಡೆ ಹತ್ತಿದ್ದೇ ತಡ, ಹೊಳೆಯಾಚೆಗೆ ಜಾರಿತು. ಫೋಟೊದಲ್ಲಿ ಸಿಕ್ಕಿದ್ದು ಸಾಸಿವೆ ಕಾಳಿನಷ್ಟು. ಬಾಳೆಹಣ್ಣು ತಿಂದು, ಮಜ್ಜಿಗೆ ಕುಡಿದು ಕಂಪ್ಲಿಯ ದಾರಿ ಹಿಡಿದೆವು.

ಕಂಪ್ಲಿಯ ಹತ್ತಿರ ಕಾಲುವೆಯ ಕೆಳಗೆಲ್ಲ ಭತ್ತದ ಗದ್ದೆ. ಒಂದು ಗದ್ದೆಯಲ್ಲಿ ಭತ್ತ ಕೊಯ್ಯುವ ಮಷೀನ್ ಓಡುತ್ತಿತ್ತು, ಅದರ ಹಿಂದೆ ಬೆಳ್ಳಕ್ಕಿಗಳ ದಂಡು. ಆ ದಂಡಿನ ಆಚೆ ನೆಲಕ್ಕೆ ಅಂಟಿಕೊಂಡಂತೆ ತೇಲುತ್ತ ಬಂತು ಒಂದು ಜೊತೆ ರೆಕ್ಕೆ. ಬಿಳುಪು. ತುದಿಯಲ್ಲಿ ಕಪ್ಪು.

ಬೈಕಿಗೆ ಸ್ಟ್ಯಾಂಡ್ ಹಾಕಿದೆನೋ ಇಲ್ಲವೋ ನೆನಪಿಲ್ಲ. ಬದುವಿನ ಮೇಲೆ ಓಡಿದೆ, ಹಿಂದೆ ಖಾಜಾ. ಹಕ್ಕಿ ಎರಡು ಗದ್ದೆ ಆಚೆ ಸರಿಯಿತು. ನಾವು ಆಚೆ ಹೋದೆವು, ಅದು ಈಚೆ ಬಂತು. ಕೆಸರು ಮೊಣಕಾಲಿಗೆ ಏರಿತು. ಚೀಲಗಳ ಮೇಲೆ ಕುಳಿತಿದ್ದ ಗದ್ದೆಯ ಒಡತಿ ನಾಗಮ್ಮ ನಮ್ಮನ್ನು ಕರೆದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಹಕ್ಕಿ ಓಡಿಸಾಕ ನಾವು ಹೊಲದಾಗ ಬೆದರುಗೊಂಬಿ ನಿಲ್ಲಿಸ್ತೀವ್ರಿ. ನೀವು ಅದಕ್ಕಿಂತ ಚಂದ ಅಂಗಿ ತೊಟ್ಟು ಬಂದೀರಲ್ರಿ ಅಣ್ಣಾರ."

ಬಗ್ಗಿ ನೋಡಿಕೊಂಡೆ. ಹಳದಿ ಜಾಕೆಟ್ ಬಿಸಿಲಿಗೆ ಝಗಝಗ ಹೊಳೆಯುತ್ತಿತ್ತು. ಸಂಡೂರಿನಿಂದ ಇಲ್ಲಿಯ ತನಕ ನಾವೇ ಹಕ್ಕಿಗಳನ್ನು ಓಡಿಸುತ್ತ ಬಂದಿದ್ದೆವು. ಇಬ್ಬರೂ ತೆಗೆದು ಸುತ್ತಿಟ್ಟೆವು. ಇನ್ನು ಬದುವಿನ ಮೇಲೆ ನಡೆಯುವುದೂ ಬ್ಯಾಡ ಎಂದಳು ನಾಗಮ್ಮ. "ಮಷೀನ್ ಹತ್ರಿ. ಅದಕ್ಕ ಡೇಗಿ ಅಂಜಂಗಿಲ್ಲ. ಇಲಿ ಏಳ್ತಾವಂತ ದಿನಾ ಅದರ ಬೆನ್ನಿಗೇ ಬರ್ತೈತಿ." ಅಮಾವಾಸ್ಯೆಯಲ್ಲೂ ಕೊಯ್ಲೇ ಎಂದು ಖಾಜಾ ಕೇಳಿದ್ದಕ್ಕೆ, ಎತ್ತಿಗೆ ರಜಾ ಉಂಟು, ಬಾಡಿಗೆ ಮಷೀನಿಗೆ ಎಲ್ಲಿಯದು ಎಂದಳು.

ಮಷೀನಿನ ಡ್ರೈವರ್ ತಮಿಳುನಾಡಿನವನು, ಕೈಸನ್ನೆ ಮಾಡಿ ನಮ್ಮಿಬ್ಬರನ್ನೂ ತನ್ನ ಪಕ್ಕದ ಹಲಗೆಯ ಮೇಲೆ ನಿಲ್ಲಿಸಿಕೊಂಡ. ಹಕ್ಕಿ ನಿಜಕ್ಕೂ ಹತ್ತಿರ ಬಂತು. ಆದರೆ ಮಷೀನಿನ ನಡುಕಕ್ಕೆ ನನ್ನ ಹಲ್ಲೇ ಕಟಕಟ ಎನ್ನುತ್ತಿತ್ತು. ತೆಗೆದ ಫೋಟೊಗಳೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಕಲಸಿಹೋದವು. ಹೊತ್ತು ಇಳಿಯುತ್ತಿತ್ತು, ಕೊಯ್ಯದೆ ಉಳಿದಿದ್ದು ಒಂದು ಪಟ್ಟಿಯಷ್ಟು ಭತ್ತ.

ನಡುಕ ತಡೆಯುವುದು ನನಗೆ ಹೊಸ ಕೆಲಸವೇ? ಕಬ್ಬಿಣದ ಮೇಲೆ ಕಬ್ಬಿಣ ಇಟ್ಟರೆ ನಡುಕ ನಿಲ್ಲದು. ನಡುವೆ ಬಾಗುವಂಥದ್ದು, ಜರುಗುವಂಥದ್ದು ಏನಾದರೂ ಬೇಕು. ನಾಗಮ್ಮನಿಂದ ಅರ್ಧ ಚೀಲ ಭತ್ತ ಇಸಿದುಕೊಂಡು ಹಲಗೆಯ ಮುಂದಿನ ಕಂಬಿಯ ಮೇಲೆ ಹೇರಿದೆ. ಚೀಲದ ಮೇಲೆ ಲೆನ್ಸು ಇಟ್ಟು, ಕಾಳು ತಗ್ಗಿ ಅದು ಅಲುಗದೆ ಕೂರುವಂತೆ ಒತ್ತಿದೆ. ಚೀಲ ಜಾರದಂತೆ ಖಾಜಾ ಎರಡೂ ಕೈಯಿಂದ ಅವಚಿ ಹಿಡಿದ. ಮಷೀನ್ ಹೊರಟಿತು. ಚೀಲದೊಳಗೆ ಕಾಳು ಸರಸರ ಸರಿಯುತ್ತಿತ್ತು, ಲೆನ್ಸು ಸುಮ್ಮನಿತ್ತು.

ಕೊಯ್ದ ಕೂಳೆಯ ನಡುವಿನಿಂದ ಇಲಿ ಜಿಗಿಯಿತು. ಬಿಳಿ ಡೇಗಿ ಗಾಳಿಯಲ್ಲೇ ಮಗುಚಿ, ಬಾಲ ಬೀಸಣಿಗೆಯಂತೆ ಬಿಚ್ಚಿ, ಉದ್ದನೆಯ ಹಳದಿ ಕಾಲು ಚಾಚಿ ಎರಗಿತು. ಕ್ಯಾಮೆರಾದ ಗುಂಡಿಯಿಂದ ನಾನು ಬೆರಳು ತೆಗೆಯಲಿಲ್ಲ. ಹಕ್ಕಿ ಎದ್ದಾಗ ಉಗುರಿನಲ್ಲಿ ಇಲಿ ಇತ್ತು. ನಮ್ಮ ತಲೆಯ ಮಟ್ಟಕ್ಕೆ ಹಾದುಹೋಗುವಾಗ ಅದರ ಹಳದಿ ಕಣ್ಣು ಒಮ್ಮೆ ನನ್ನನ್ನೇ ನೋಡಿತು.

ಕ್ಯಾಮೆರಾದ ಪರದೆಯ ಮೇಲೆ ಒಂದೊಂದು ಗರಿಯೂ ಎಣಿಸುವಂತೆ ಬಂದಿತ್ತು. ಖಾಜಾ ಕ್ಯಾಮೆರಾ ಕಸಿದುಕೊಂಡು ನೋಡಿದ, ಮತ್ತೆ ನೋಡಿದ, ಚೀಲ ಬಿಟ್ಟಿದ್ದೂ ಅವನಿಗೆ ಗೊತ್ತಾಗಲಿಲ್ಲ. ನಾಗಮ್ಮನಿಗೆ ತೋರಿಸಿದರೆ ಆಕೆ ಹಕ್ಕಿಯ ಹಿಂದಿನ ತೆನೆಯನ್ನೇ ದಿಟ್ಟಿಸಿ, "ನಮ್ಮ ಭತ್ತ ಭಾಳ ಚಂದ ಬಂದೈತಿ," ಎಂದಳು.

ಹೊಸಪೇಟೆಗೆ ಹಿಂದಿರುಗುವಾಗ ಬೀಳುಬಿದ್ದ ಹುಲ್ಲಿನ ಬಯಲೊಂದರ ಹತ್ತಿರ ಖಾಜಾ ನನ್ನ ಬೆನ್ನಿಗೆ ಗುದ್ದಿ ಬೈಕ್ ನಿಲ್ಲಿಸಿದ, ಇಳಿದು ದಾರಿ ಬದಿಯ ಕಲ್ಲಿನ ಮೇಲೆ ಕುಳಿತ. ರಾತ್ರಿ ತಂಗಲು ಸೆಳೆವಗಳು ನಾಲ್ಕೂ ದಿಕ್ಕಿನಿಂದ ಬರುತ್ತಿದ್ದವು. ಹೆಣ್ಣು, ಗಂಡು, ಆ ವರ್ಷದ ಎಳೆಯವು ಹುಲ್ಲಿನ ಮೇಲೆ ಸುತ್ತು ಹಾಕಿ ಒಂದೊಂದಾಗಿ ಒಳಗೆ ಇಳಿದು ಮಾಯವಾಗುತ್ತಿದ್ದವು. ಫೋಟೊ ತೆಗೆಯುವಷ್ಟು ಬೆಳಕು ಉಳಿದಿರಲಿಲ್ಲ. ಮನೆಯಲ್ಲಿ ಕಾಯುತ್ತಾರೆ, ಹೋಗೋಣ ನಡಿ ಎಂದು ಬೈಕ್ ಚಾಲು ಮಾಡಿದೆ. ಖಾಜಾ ಕಲ್ಲಿನ ಮೇಲಿಂದ ಏಳಲಿಲ್ಲ.

"ತಡಿಯಲೇ ಹನುಮ," ಎಂದ, ನನ್ನ ಕಡೆ ತಿರುಗದೆ. "ಇನ್ನೊಂದು ಬಿಳೇದು ಬರಾಕತ್ತೈತಿ."

ಇಂಜಿನ್ ಆರಿಸಿ ಅವನ ಪಕ್ಕ ಕುಳಿತೆ.