ಒಮ್ಮೆಯೂ ಸೋಲದ ನಮ್ಮ ತಂಡ

ತಮ್ಮನ ಮಗಳು ಚೈತ್ರ ಮೊನ್ನೆ ಮೊಬೈಲಿನಿಂದ ತಲೆಯೆತ್ತದೆ ಒಂದು ಪ್ರಶ್ನೆ ಕೇಳಿದಳು. ಅವಳು ಎಲ್ಲೆಲ್ಲಿಯವರೋ ನಾಲ್ವರ ಜೊತೆ ಸೇರಿ ತಂಡ ಕಟ್ಟಿಕೊಂಡು ಆಡುವ ಯುದ್ಧದ ಆಟವದು. "ದೊಡ್ಡಪ್ಪ, ನಾವೆಲ್ಲ ಹೊಸಬರು. ಸುಮ್ನೆ ಆಡೋದು ಬಿಟ್ಟು ಪಂದ್ಯಕ್ಕೆ ಯಾವಾಗ ಇಳೀಬೇಕು?" ಎಂದಳು. ನನ್ನನ್ನು ಯಾರೂ ಇಂಥ ವಿಷಯದಲ್ಲಿ ಸಲಹೆ ಕೇಳುವುದಿಲ್ಲ. ಆದರೆ ನಂಬಿ, ಈ ಪ್ರಶ್ನೆಯಲ್ಲಿ ನನ್ನಷ್ಟು ಪಳಗಿದವರು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ.

ತೊಂಬತ್ತರ ದಶಕದಲ್ಲಿ ಅರಕೆರೆಯಲ್ಲಿ ನಮ್ಮದೊಂದು ವಾಲಿಬಾಲ್ ತಂಡವಿತ್ತು. ಕ್ಯಾಪ್ಟನ್ ಸಣ್ಣಪ್ಪಣ್ಣ. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವುದು ಅವನ ಕೆಲಸ. ಕುದಿಯುವ ಕೊಪ್ಪರಿಗೆಯಿಂದ ಒಂದು ಹನಿ ನೀರಿಗೆ ಬಿಟ್ಟು, ಬೆರಳಲ್ಲಿ ಉಜ್ಜಿ ಹದ ನೋಡಿ, ಅವನು ಇಳಿಸಿ ಎಂದರೆ ಇಳಿಸಬೇಕು. ಬೆಲ್ಲದಲ್ಲಿ ಅವನು ತಪ್ಪಿದ್ದನ್ನು ನಾನು ಕಂಡಿಲ್ಲ. ಎಡವಟ್ಟಾದದ್ದು ಅವನು ನಮ್ಮನ್ನೂ ಬೆಲ್ಲವೆಂದು ತಿಳಿದದ್ದರಿಂದ.

ಸಂಜೆಯಾದರೆ ಅವನ ಕಣದಲ್ಲಿ ಅಭ್ಯಾಸ. ಕಣದ ನಡುವೆ ನೆಟ್ಟು, ಈಚೆ ನಾವು ಆರು ಜನ, ಆಚೆ ಹುಲ್ಲಿನ ಮೆದೆ. ಹೊಡೆದ ಚೆಂಡು ಮೆದೆಗೆ ಬಡಿದು ಕೆಳಗೆ ಬೀಳುತ್ತಿತ್ತು. ನೆಟ್ಟಿನಡಿ ನುಸುಳಿ ಅದನ್ನು ಹೆಕ್ಕಿ ತರುವುದು ನನ್ನ ಪಾಲಿನ ಕೆಲಸ, ನಾನು ಕುಳ್ಳ. ಪಂದ್ಯಕ್ಕೆ ಹೋಗೋಣವೇ ಎಂದು ಕೇಳಿದಾಗಲೆಲ್ಲ ಸಣ್ಣಪ್ಪಣ್ಣ ಹೆಬ್ಬೆರಳು ತೋರುಬೆರಳು ಉಜ್ಜಿ ನೋಡಿಕೊಳ್ಳುತ್ತಿದ್ದ.

"ಇನ್ನೂ ಅದ ಬಂದಿಲ್ಲ ಕಣ್ಲಾ. ಈಗ್ಲೇ ಇಳಿಸುದ್ರೆ ಅಚ್ಚು ನಿಲ್ಲಾಕಿಲ್ಲ."

ಹೀಗೆ ವರ್ಷಗಳು ಕಳೆದವು. ಪಂದ್ಯವನ್ನೇ ಆಡದವರು ಸೋಲುವುದಾದರೂ ಹೇಗೆ? ಅರಕೆರೆ ತಂಡ ಇದುವರೆಗೆ ಸೋತೇ ಇಲ್ಲವಂತೆ ಎಂದು ಪಾಂಡವಪುರದ ಬಸ್ಸಿನಲ್ಲಿ ಯಾರೋ ಅಂದರು. ಸುಳ್ಳೇನಲ್ಲ, ನಾವೂ ತಿದ್ದಲಿಲ್ಲ. ಮಾತು ನಾಗಮಂಗಲ ಮುಟ್ಟುವ ಹೊತ್ತಿಗೆ ನಾವು ದೊಡ್ಡ ಜನರಾಗಿದ್ದೆವು. ಟೂರ್ನಿಮೆಂಟು ಉದ್ಘಾಟಿಸಲು ನಮ್ಮನ್ನು ಕರೆಯತೊಡಗಿದರು. ಸಣ್ಣಪ್ಪಣ್ಣ ಹಾರ ಹಾಕಿಸಿಕೊಂಡು ತಾಳ್ಮೆಯ ಬಗ್ಗೆ ಭಾಷಣ ಮಾಡುತ್ತಿದ್ದ, ನಾವು ಹಿಂದಿನ ಸಾಲಿನಲ್ಲಿ ಗಂಭೀರವಾಗಿ ಬೋಂಡ ತಿನ್ನುತ್ತಿದ್ದೆವು. ಅಂಥ ಬೋಂಡ ಆಮೇಲೆ ಸಿಕ್ಕಿಲ್ಲ.

ಕೆ.ಆರ್. ಪೇಟೆ ಕಡೆಯ ಸಂತೆಬಾಚಹಳ್ಳಿಯಲ್ಲಿ ಬಹುಮಾನ ಕೊಡಲು ಹೋದಾಗ ಕಪ್ಪಿನ ತಟ್ಟೆ ಹಿಡಿದು ನಿಂತಿದ್ದವಳು ಭಾಗ್ಯ, ಟೂರ್ನಿಮೆಂಟು ನಡೆಸುವ ತಿಮ್ಮೇಗೌಡರ ಮಗಳು. ಸಣ್ಣಪ್ಪಣ್ಣ ಕಪ್ಪನ್ನು ಗೆದ್ದವರಿಗೆ ಕೊಡುವುದು ಮರೆತು ಅವಳಿಗೇ ವಾಪಸು ಕೊಟ್ಟ. ಹೆಣ್ಣು ಕೇಳಲು ಹಿರಿಯರು ಹೋದಾಗ ತಿಮ್ಮೇಗೌಡರು ಕುಣಿದಾಡುವುದೊಂದು ಬಾಕಿ.

"ಸೋಲೇ ಗೊತ್ತಿಲ್ದಿರೋ ಅಳಿಯ. ಮಗಳ್ನ ಕೊಡ್ತೀನಿ. ಅದ್ಕೂ ಮುಂಚೆ ನಮ್ಮೂರ್ ಉಡುಗ್ರ ಜೊತೆ ಒಂದಾಟ ಆಡ್ಲಿ, ಕಣ್ತುಂಬ ನೋಡ್ಬೇಕು" ಅಂದರು.

ಸುದ್ದಿ ತಿಳಿದ ಸಣ್ಣಪ್ಪಣ್ಣ ಕಣದಲ್ಲಿ ಕುಕ್ಕರಿಸಿ ಕೂತ. "ಇನ್ನೆರಡು ವರ್ಸ ತಡೀರಿ ಅನ್ನಾನೇನ್ಲಾ?"

"ಅಷ್ಟೊತ್ಗೆ ಆ ಎಣ್ಣು ಇನ್ನೊಬ್ರ ಮನೇಲಿ ಮುದ್ದೆ ತಿರುವ್ತಿರ್ತದೆ ಕಣಣ್ಣ" ಎಂದೆ ನಾನು. ಪಾಪ, ಅವನ ಮುಖ ನೋಡಲಾಗಲಿಲ್ಲ.

ಹೋದೆವು. ಊರಿಗೆ ಊರೇ ಸೇರಿತ್ತು. ಮೊದಲ ಸರ್ವೀಸು ಸಣ್ಣಪ್ಪಣ್ಣನದೇ. ಎಂಥ ಸರ್ವೀಸು ಅಂತೀರಿ, ಜನ ಉಸಿರು ಬಿಗಿಹಿಡಿದರು. ನಾವು ಎಂದಿನಂತೆ ನಿರಾಳವಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆವು. ನಾನು ಎಂದಿನಂತೆ ನೆಟ್ಟಿನಡಿ ನುಸುಳಿ ಚೆಂಡು ತರಲು ಎದುರಾಳಿಗಳ ನಡುವೆ ಹೊರಟೆ. ಆಗ ಆ ಚೆಂಡು ನನ್ನ ತಲೆಯ ಮೇಲಿಂದ ಹಾರಿ ನಮ್ಮವರ ನಡುವೆಯೇ ಬಿತ್ತು. ಐವರೂ ಅದನ್ನು ಹಾವು ಕಂಡವರ ಹಾಗೆ ನೋಡುತ್ತಿದ್ದರು.

ಸಣ್ಣಪ್ಪಣ್ಣ ಸೀಟಿ ಊದುವವರ ಬಳಿ ಹೋದ. "ಅವ್ರು ವಾಪಸ್ ಒಡುದ್ಬುಟ್ರಲ್ಲ ಸಾಮಿ?"

"ಅದೇ ಕಣಪ್ಪಾ ಆಟ" ಅಂದರು ಅವರು.

ನಮ್ಮದೇನೋ ತಂತ್ರವಿರಬೇಕೆಂದು ಜನ ಸ್ವಲ್ಪ ಹೊತ್ತು ಕಾದರು. ಯಾವ ತಂತ್ರವೂ ಇರಲಿಲ್ಲ. ನಾವು ಸೋತು ಆಟ ಮುಗಿದಾಗ ತಿಮ್ಮೇಗೌಡರು ಯಾರೋ ತೀರಿಕೊಂಡ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ಕಾಲು ತೊಳೆಯಲು ನೀರು ತಂದ ಭಾಗ್ಯಳಿಗೆ ನಾನು ನಾಚಿಕೆ ಬಿಟ್ಟು ಮೆದೆಯ ಕಥೆ, ಹದದ ಕಥೆ ಎರಡನ್ನೂ ಒಪ್ಪಿಸಿದೆ. ಅವಳು ಚೊಂಬು ಹಿಡಿದು ನೇರ ಸಣ್ಣಪ್ಪಣ್ಣನ ಮುಂದೆ ಹೋಗಿ ನಿಂತಳು.

"ಮದ್ವೆಗೂ ಅಂಗೇ ಅಂತೀರಾ? ಇನ್ನೂ ಅದ ಬಂದಿಲ್ಲ ಅಂತ?"

ಅವನ ಬೆರಳುಗಳು ಉಜ್ಜಿಕೊಳ್ಳಲು ಹೊರಟವು. ಅವನು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲ. ನಿಮ್ಮಪ್ಪ ಒಪ್ಪುದ್ರೆ ಮುಂದ್ಲ ತಿಂಗ್ಳೇ ಆಗೋಗ್ಲಿ" ಅಂದ.

"ಸೋತೋನಿಗೆ ಎಂಗವ್ವ ಕೊಡಾದು?" ಎಂದು ತಿಮ್ಮೇಗೌಡರು ನರಳಿದರು.

"ಸೋತಿದ್ದು ಚೆಂಡಲ್ಲಿ ತಾನೇ, ಬುಡಪ್ಪ" ಅಂದಳು ಭಾಗ್ಯ.

ಇಷ್ಟನ್ನೂ ಚೈತ್ರಳಿಗೆ ಹೇಳಿ, ಅಭ್ಯಾಸ ಸಾಕು, ಈವತ್ತೇ ಇಳಿ ಎಂದೆ. ಅವಳು ಹುಬ್ಬೇರಿಸಿ, "ಒಬ್ರು ಕಮ್ಮಿ ಇದಾರೆ, ನೀವೇ ಬನ್ನಿ" ಎಂದು ತನ್ನಮ್ಮನ ಫೋನನ್ನು ನನ್ನ ಕೈಗೆ ತುರುಕಿದಳು. ಮೊದಲು ಸ್ವಲ್ಪ ಕಲಿತು ಆಮೇಲೆ ಬರುತ್ತೇನೆ ಎನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಪರದೆಯ ತುಂಬ ಸಿಪಾಯಿಗಳು ಓಡುತ್ತಿದ್ದರು. ಅವರಲ್ಲಿ ನಾನು ಯಾರೆಂದು ಹುಡುಕುತ್ತಿರುವಾಗಲೇ, "ದೊಡ್ಡಪ್ಪ, ನೀವು ಸತ್ತು ಆಗಲೇ ಎಷ್ಟೋ ಹೊತ್ತಾಯ್ತು" ಎಂದಳು ಚೈತ್ರ. ಹೌದೇ ಎಂದೆ. ಬಹಳ ಹಗುರ ಅನ್ನಿಸಿತು. ಇನ್ನೊಂದು ಸಲ ಆಡಲು ಎಲ್ಲಿ ಒತ್ತಬೇಕು ಎಂದು ಕೇಳಿದೆ.