ದಪ್ಪ ಬ್ರಷ್ಷಿನ ದುಃಖ

ಅಕ್ಷರದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕನ್ನಡ ಪಾಠ ಹೇಳಿ ನಿವೃತ್ತಳಾದ ನನ್ನಂಥವಳ ಕಾಯಿಲೆ. ನನ್ನ ಸಿಟ್ಟು ಫ್ಲೆಕ್ಸುಗಳ ಆ ದಪ್ಪ ಬ್ರಷ್ ಅಕ್ಷರದ ಮೇಲೆ. ನೀವೂ ನೋಡಿರುತ್ತೀರಿ: ಬಣ್ಣದಲ್ಲಿ ಅದ್ದಿದ ಕುಂಚವನ್ನು ಒಂದೇ ಉಸಿರಿಗೆ ಎಳೆದಂತೆ ಬಾಗಿ ಓಡುವ ಮೈ, ತುದಿಯಲ್ಲಿ ಬಣ್ಣ ಆರಿದಂತೆ ಸೀಳುಸೀಳು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತರೆ ಬಿರಿಯಾನಿ, ಜಿಮ್ಮು, ನಾಯಕರ ಹುಟ್ಟುಹಬ್ಬ, ಎಲ್ಲಕ್ಕೂ ಅದೇ. ದೂರಕ್ಕೆ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಕೈಯಲ್ಲಿ ಬರೆದವನ ಎರಡು ‘ಕ’ ಎಂದೂ ಒಂದೇ ಥರ ಇರುವುದಿಲ್ಲ. ಇದರಲ್ಲಿ ಪ್ರತಿ ‘ಕ’ವೂ ಅದೇ ಜಾಗದಲ್ಲಿ ಸೀಳಿರುತ್ತದೆ. ಆವೇಶಕ್ಕೂ ಅಚ್ಚು ಹೊಯ್ದುಬಿಟ್ಟಿದ್ದಾರೆ.

ಇದನ್ನೆಲ್ಲ ನಗುತ್ತ ಹೇಳಬಹುದಿತ್ತು, ಹಳೇಕೋಟೆಯಲ್ಲಿದ್ದ ನನ್ನಣ್ಣ ಹೋದ ವರ್ಷ ತೀರಿಕೊಳ್ಳದಿದ್ದರೆ.

ತಿಥಿಯ ಹಿಂದಿನ ದಿನ ಹೋದಾಗ ಮನೆ ಪಕ್ಕದ ತಿರುವಿನಲ್ಲೇ ಫ್ಲೆಕ್ಸು ನಿಂತಿತ್ತು. ಹಳದಿಗೆ ಕೆಂಪು ಅಂಚು ಕಟ್ಟಿದ ಆ ಕುಣಿಯುವ ಅಕ್ಷರದಲ್ಲಿ ‘ಮತ್ತೆ ಹುಟ್ಟಿ ಬನ್ನಿ’. ಮೇಲೆ ಸಾಲಾಗಿ ಕೈಮುಗಿದ ನಾಯಕರು. ನಡುವೆ, ಎಲ್ಲಕ್ಕಿಂತ ದಪ್ಪವಾಗಿ, ಪಂಚಾಯ್ತಿ ಚುನಾವಣೆಗೆ ನಿಲ್ಲಲು ಓಡಾಡುತ್ತಿದ್ದ ಅಣ್ಣನ ಮಗ ಮಂಜನ ಹೆಸರು. ಅಣ್ಣನ ಹೆಸರು ಕೆಳಗಿನ ಮೂಲೆಯಲ್ಲಿ ಸಣ್ಣದಾಗಿತ್ತು.

“ಸಾವಿಗೆ ಈ ಅಕ್ಷರವೇನೋ ಮಂಜ?” ಎಂದೆ.

“ಸಣ್ಣಕ್ಷರ ಯಾರ್ ಓದ್ತಾರೆ ಬುಡತ್ತೆ? ನಾಳೆ ಲೀಡ್ರು ಬತ್ತಾವ್ರೆ. ಎದ್ದು ಕಾಣ್ಬೇಕು ಕಣತ್ತೆ.”

“ಯಾರು ಕಾಣ್ಬೇಕೋ?” ಎಂದು ಕೇಳುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಮಾತಾಡುತ್ತ ಆಚೆ ಹೋದ.

ನನಗೆ ಹಟ ಬಂತು. ಮಧ್ಯಾಹ್ನವೇ ಹೊಳೆನರಸೀಪುರಕ್ಕೆ ಹೋಗಿ ಬಿಳಿ ಬ್ಯಾನರಿನ ಮೇಲೆ ಕಪ್ಪು ಸಾದಾ ಅಕ್ಷರದಲ್ಲಿ ಅಣ್ಣನ ಹೆಸರು, ಹುಟ್ಟಿದ ದಿನ, ಹೋದ ದಿನ, ಇಷ್ಟನ್ನೇ ಹಾಕಿಸಿ ತಂದು ಮನೆಯ ಗೋಡೆಗೆ ಕಟ್ಟಿದೆ. ಮಾರನೆಯ ದಿನ ಬಂದವರೆಲ್ಲ ಮಂಜನ ಫ್ಲೆಕ್ಸಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನನ್ನದರ ಮುಂದೆ ನಿಂತವರು ಒಬ್ಬರೇ, ಅಣ್ಣನ ಪಕ್ಕದ ಹೊಲದ ಹಿರಿಯರು. ಕಣ್ಣು ಕಿರಿದು ಮಾಡಿ ನೋಡಿ, “ಏನವ್ವಾ, ಯಾವತ್ತು ಕರೆಂಟ್ ತೆಗೀತಾರಂತೆ?” ಎಂದರು.

ಮಕ್ಕಳಿಗೆ ದುಂಡಗೆ ಬರೆಯಲು ಕಲಿಸುತ್ತಲೇ ಮುದುಕಿಯಾದವಳು ನಾನು. ನನ್ನ ಸಾದಾ ಅಕ್ಷರ ಅವರಿಗೆ ಕರೆಂಟಿನವರ ನೋಟೀಸಾಗಿ ಕಂಡಿತ್ತು.

ಲೀಡರು ಬಂದರು, ಹೋದರು. ಊಟ ಮುಗಿಸಿ ಜನ ಚದುರಿದ ಮೇಲೆ ಅತ್ತಿಗೆ ನನ್ನನ್ನು ಫ್ಲೆಕ್ಸಿನ ಹತ್ತಿರ ಕರೆದೊಯ್ದರು. ಅವರಿಗೆ ಓದು ಬರುವುದಿಲ್ಲ.

“ಏನೇನ್ ಬರ್ದವ್ರೆ ಸರೋಜಾ, ಓದೇಳು.”

ಮೇಲಿನಿಂದ ಓದುತ್ತ ಬಂದೆ. ನಾಯಕರು, ಅವರ ಹಿಂಬಾಲಕರು, ಮಂಜ, ಮಂಜನ ಗೆಳೆಯರ ಬಳಗ. ಓದುತ್ತಿದ್ದಂತೆ ನನ್ನ ದನಿಗೇ ನಾಚಿಕೆಯಾಯಿತು.

“ನಿಮ್ಮಣ್ಣಂದು ಎಲ್ಲೈತೆ?”

ಬೆರಳಿಟ್ಟು ತೋರಿಸಿದೆ. ಅತ್ತಿಗೆ ಬಗ್ಗಿ ನೋಡಿ, ಸೆರಗಿನಿಂದ ಅಷ್ಟು ಜಾಗದ ಧೂಳು ಒರೆಸಿದರು.

“ಓಗ್ಲಿ ಬುಡು. ಬದುಕಿದ್ದಾಗ್ಲೂ ಜೋರಾಗಿ ಮಾತಾಡ್ದೋರಲ್ಲ ಅವ್ರು. ಅತ್ರ ಬಂದೋರ್ಗೆ ಮಾತ್ರ ಕೇಳ್ಸೋದು.”